ಮೂರನೇ ಮಹಡಿಯ ಇಂದೂ

ತ್ರಿವೇಣಿಗೆ ದೆವ್ವ, ದೃಷ್ಟಿ, ಗಾಳಿ ಇಂಥ ಯಾವುದರಲ್ಲೂ ನಂಬಿಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನೆಲ್ಲ ಕೇಳಿದವರು, ಪಾಪ, ಆ ಹೆಂಗಸಿನ ತಲೆಯೇ ಸ್ವಲ್ಪ ಸಡಿಲವಿತ್ತು ಎಂದು ಷರಾ ಬರೆದು ಕೈತೊಳೆದುಕೊಂಡುಬಿಡುತ್ತಾರೆ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಚನ್ನವೀರನನ್ನು ಮದುವೆಯಾಗಿ ಪುಣೆಗೆ ಬಂದವಳು ಅವಳು. ಚನ್ನವೀರ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಗುಮಾಸ್ತ. ಅವನ ಅಪ್ಪ ಬೈಲಹೊಂಗಲದ ಕಡೆಯಿಂದ ಅದೇ ಕಾರ್ಖಾನೆಗೆ ಬಂದು, ಅಲ್ಲೇ ದುಡಿದು ತೀರಿಹೋಗಿದ್ದ. ಅತ್ತೆ ಕಲ್ಲವ್ವ ಅಮಾವಾಸ್ಯೆಗೊಮ್ಮೆ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರೆ, ಇದರಲ್ಲಿ ಒಂದು ಲೋಟ ಶರಬತ್ತಾದರೂ ಆಗುತ್ತಿತ್ತು ಎಂದು ಸೊಸೆ ಗಂಡನ ಕಿವಿಯಲ್ಲಿ ಹೇಳಿ ಅವನನ್ನು ನಗಿಸುತ್ತಿದ್ದಳು.

ಅವಳಿಗೆ ಹಿಂಜವಾಡಿಯಲ್ಲಿ ಕೆಲಸ ಸಿಕ್ಕ ಮೇಲೆ ಸಂಸಾರ ವಾಕಡದ ಹೊಸ ಫ್ಲ್ಯಾಟಿಗೆ ಬಂತು. ಹೊರದೇಶದ ಒಂದು ವಿಮಾ ಕಂಪನಿಯ ಕಾಗದಪತ್ರಗಳನ್ನು ಇಲ್ಲಿ ಕುಳಿತು ವಿಲೇವಾರಿ ಮಾಡುವ ಆಫೀಸು ಅದು. ಅಲ್ಲಿನ ನೆಟ್‌ವರ್ಕ್ ಮತ್ತು ಪ್ರಿಂಟರುಗಳ ಉಸಾಬರಿ ತ್ರಿವೇಣಿಯದು, ಜೊತೆಗೆ ಅಮೇಯ ಎಂಬ ಪುಣೇಕರ ಹುಡುಗ. ಆಫೀಸಿನಲ್ಲಿ ಪ್ರಿಂಟರ್ ಎಂದರೆ ಮನೆಯ ಸಣ್ಣ ಸೊಸೆ ಇದ್ದಹಾಗೆ. ದಿನವಿಡೀ ದುಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದು ಗಳಿಗೆ ಕುಳಿತರೆ ಎಲ್ಲರ ಬಾಯಿಗೂ ಬೀಳುತ್ತದೆ. ಅದರ ಪರವಾಗಿ ಬೈಸಿಕೊಳ್ಳುವ ಕೆಲಸ ತ್ರಿವೇಣಿಯದಾಗಿತ್ತು. ಅವಳೇನೂ ಬೇಸರಿಸಿಕೊಳ್ಳುತ್ತಿರಲಿಲ್ಲ. ಯಂತ್ರಗಳ ಸಿಟ್ಟಿಗೆ ಕಾರಣವಿರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬುದು ಅವಳ ಸಮಾಧಾನ.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಖಡಕಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲೇ ಆಯಿತು. ಅವರ ಕಡೆಯ ಪದ್ಧತಿಯಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಅಲ್ಲಿಯವರೆಗೆ ಆ ಹೆಸರನ್ನು ಯಾರೂ ಬಾಯಿಬಿಟ್ಟು ಅನ್ನಬಾರದು. ತ್ರಿವೇಣಿ ಹೆಸರನ್ನು ಬಸಿರಲ್ಲೇ ಆರಿಸಿಟ್ಟುಕೊಂಡಿದ್ದಳು. ಇಂದೂ. ಯಾರ ನೆನಪಿಗೂ ಅಲ್ಲ, ಸುಮ್ಮನೆ ಇಷ್ಟವಾಗಿತ್ತು. ಗಂಡನಿಗೂ ಹೇಳಿರಲಿಲ್ಲ. ತೊಟ್ಟಿಲಿನ ದಿನ ನಾದಿನಿ ರಂಜನಾಳಿಗೆ ಗುಟ್ಟಾಗಿ ಹೇಳಿದರಾಯಿತು ಎಂದುಕೊಂಡಿದ್ದಳು. ತೊಟ್ಟಿಲಿನ ದಿನ ಬರಲೇ ಇಲ್ಲ. ಎಂಟನೆಯ ದಿನ ಕೂಸಿನ ಕಣ್ಣು ಹಳದಿಯಾಯಿತು, ಜ್ವರ ಏರಿತು, ದೊಡ್ಡ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮುಗಿದುಹೋಯಿತು. ಗಂಡಸರು ಒಯ್ದು ಮಣ್ಣುಮಾಡಿ ಬಂದರು. ಹೆಸರು ತಾಯಿಯ ಗಂಟಲಲ್ಲೇ ಉಳಿಯಿತು. ಅತ್ತರೂ ಏನೆಂದು ಕರೆದು ಅಳಬೇಕು? ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತು, ರಜೆ ಮುಗಿಯುವ ಮೊದಲೇ ಆಫೀಸಿಗೆ ಹೋದಳು.

ಹೋದಾಗ ಅಲ್ಲಿ ಹೊಸ ಗಡಿಬಿಡಿ. ವಿಮೆ ಮಾಡಿಸಿದವರ ರೋಗರುಜಿನದ ವಿವರಗಳೆಲ್ಲ ಪ್ರಿಂಟರಿಗೆ ಬತ್ತಲೆಯಾಗಿ ಹೋಗುತ್ತಿವೆ, ನಡುವೆ ಯಾರು ಬೇಕಾದರೂ ಇಣುಕಬಹುದು ಎಂದು ತಪಾಸಣೆಗೆ ಬಂದವರು ಕ್ಯಾತೆ ತೆಗೆದಿದ್ದರು. ಆದ್ದರಿಂದ ಎಲ್ಲ ಪ್ರಿಂಟರುಗಳಿಗೂ ಕೀಲಿ ಮತ್ತು ಸರ್ಟಿಫಿಕೇಟ್ ಹಾಕಬೇಕು. ಈ ಕೆಲಸ ಕೇಳಲು ಕಷ್ಟ, ತಿಳಿದರೆ ಸುಲಭ. ಯಂತ್ರ ತನ್ನ ಹೊಟ್ಟೆಯಲ್ಲಿ ತಾನೇ ಒಂದು ಜೋಡಿ ಕೀಲಿ ಹುಟ್ಟಿಸಿಕೊಳ್ಳುತ್ತದೆ. ಒಂದನ್ನು ಊರಿಗೆಲ್ಲ ಹಂಚಬಹುದು. ಅದರಿಂದ ಬೀಗ ಹಾಕಲು ಬರುತ್ತದೆ, ತೆಗೆಯಲು ಬರುವುದಿಲ್ಲ. ತೆಗೆಯುವ ಕೀಲಿ ಯಂತ್ರದ ಒಳಗೇ ಇರುತ್ತದೆ, ಹೊರಗೆ ಬರುವುದಿಲ್ಲ, ಹುಟ್ಟಿಸಿದವರೂ ಅದನ್ನು ನೋಡಲಾರರು. ಆಮೇಲೆ ಯಂತ್ರದ ಹೆಸರು ಬರೆದು ಮುಖ್ಯ ಕಚೇರಿಗೆ ಕಳಿಸಿದರೆ, ಇವರು ಇಂಥವರು, ನಂಬಬಹುದು ಎಂದು ಅಲ್ಲಿಂದ ಸಹಿಯಾಗಿ ಬರುತ್ತದೆ. ಅದೇ ಸರ್ಟಿಫಿಕೇಟ್. ಅಷ್ಟಾದರೆ ಆಫೀಸಿನ ಕಂಪ್ಯೂಟರುಗಳೆಲ್ಲ ಆ ಹೆಸರನ್ನು ಕಣ್ಣುಮುಚ್ಚಿ ನಂಬುತ್ತವೆ.

ಪ್ರಿಂಟರುಗಳಿಗೆ ನದಿಗಳ ಹೆಸರಿಡುವುದು ಅಮೇಯನ ಷೋಕಿ. ಕೆಳಗಿನ ಮಹಡಿಗಳಲ್ಲಿ ಮುಳಾ, ಮುಠಾ, ಪವನಾ ಇದ್ದವು. ಮೂರನೇ ಮಹಡಿಯಲ್ಲಿ ಚಹಾದ ಕೋಣೆಯ ಪಕ್ಕಕ್ಕೆ ಬಂದಿದ್ದ ಹೊಸ ದೊಡ್ಡ ಯಂತ್ರಕ್ಕೆ ಇಂದ್ರಾಯಣಿ ಎಂದು ನಿಶ್ಚಯವಾಗಿತ್ತು. ತ್ರಿವೇಣಿ ಒಂದು ಮಧ್ಯಾಹ್ನ ಅದರ ಮುಂದೆ ಕುಳಿತು ಕೀಲಿ ಹುಟ್ಟಿಸಿದಳು. ಪರದೆ ಹೆಸರು ಕೇಳಿತು. ಅವಳು ಮೊದಲ ಅಕ್ಷರಗಳನ್ನು ಒತ್ತಿದಳು, ಮುಂದಿನದಕ್ಕೆ ಬೆರಳು ಅವಳ ಮಾತು ಕೇಳಲಿಲ್ಲ. ಇಂದೂ ಎಂದಾಯಿತು. ಅಳಿಸಬಹುದಿತ್ತು. ಬಹಳ ಹೊತ್ತು ನೋಡುತ್ತ ಕುಳಿತಳು. ಚಿಕ್ಕ ಹೆಸರು, ಯಾರಾದರೂ ಕೇಳಿದರೆ ಇಂದ್ರಾಯಣಿಯನ್ನೇ ಮೊಟಕು ಮಾಡಿದ್ದೇನೆ ಎಂದರಾಯಿತು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಕಳಿಸಿಬಿಟ್ಟಳು.

ಮರುದಿನ ಸಹಿಯಾಗಿ ಬಂದದ್ದನ್ನು ಯಂತ್ರಕ್ಕೆ ಹಾಕಿದಳು. ಯಂತ್ರ ಒಮ್ಮೆ ಆರಿ ಹೊತ್ತಿಕೊಂಡಿತು, ಒಳಗೆ ಏನೋ ಹೊರಳಿತು, ಪರದೆಯ ಮೇಲೆ ಇಂದೂ ಸಿದ್ಧವಾಗಿದ್ದಾಳೆ ಎಂಬ ಅರ್ಥದ ಒಂದು ಸಾಲು ಮೂಡಿತು. ತ್ರಿವೇಣಿಗೆ ಎದೆ ಬಿಗಿದು ಬಂತು. ಕೆಳಗೆ ನೋಡಿಕೊಂಡರೆ ರವಿಕೆ ಒದ್ದೆ. ಹಾಲು ಬತ್ತಿ ತಿಂಗಳು ದಾಟಿತ್ತು. ಅವಳು ಸೆರಗು ಹೊದ್ದು ಬಚ್ಚಲಿಗೆ ಹೋಗಿ, ಗೋಡೆಗೆ ಒರಗಿ ನಿಂತಳು. ಹೆದರಿಕೆಯಾಗಲಿಲ್ಲ. ಸುಖವಾಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅಂದಿನಿಂದ ಆಫೀಸಿಗೆ ಆಫೀಸೇ ಆ ಹೆಸರು ಹೇಳತೊಡಗಿತು. ಯಾರೂ ಅನ್ನದೇ ಹೋದ ಹೆಸರನ್ನು ಈಗ ನೂರು ಮಂದಿ ಅನ್ನುತ್ತಿದ್ದರು. ಇಂದೂಗೆ ಕಳಿಸಿದೆ, ಇಂದೂ ಹತ್ತಿರ ಹೋಗಿ ತೆಗೆದುಕೋ, ಇಂದೂ ಇವತ್ತು ಹಟ ಮಾಡುತ್ತಿದ್ದಾಳೆ. ಕೆಲಸವಿಲ್ಲದೆ ಯಂತ್ರದ ದೀಪ ಮಂಕಾದರೆ ಅಮೇಯ ಮರಾಠಿಯಲ್ಲಿ ಇಂದೂ ಮಲಗಿದಳು ನೋಡು ಎನ್ನುತ್ತಿದ್ದ. ಕಾಗದ ಮುಗಿದರೆ ಇಂದೂಗೆ ಹಸಿವು. ಕೇಳಿದಾಗಲೆಲ್ಲ ತ್ರಿವೇಣಿ ತಲೆಯೆತ್ತಿ, ಮತ್ತೆ ತಗ್ಗಿಸುತ್ತಿದ್ದಳು. ಕಾಗದ ತುಂಬುವ ನೆಪದಲ್ಲಿ ಹೋಗಿ ಬೆಚ್ಚಗಿನ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಲ್ಲುವುದು ಅವಳಿಗೆ ರೂಢಿಯಾಯಿತು. ಅವಳು ಹತ್ತಿರ ಬಂದರೆ ಯಾರೂ ಏನೂ ಕಳಿಸದಿದ್ದರೂ ಯಂತ್ರ ಎಚ್ಚರವಾಗುತ್ತಿತ್ತು. ಇದನ್ನು ಮೊದಲು ಗಮನಿಸಿದವನು ಅಮೇಯ. ನೆಲ ಅದುರುತ್ತದೆ, ಅದಕ್ಕೆ ಎಂದು ಅವನೇ ಕಾರಣವನ್ನೂ ಕೊಟ್ಟ.

ಆಮೇಲೆ ಖಾಲಿ ಹಾಳೆಗಳು ಶುರುವಾದವು. ಮಧ್ಯಾಹ್ನ ಊಟವಾಗಿ ಆಫೀಸು ತೂಕಡಿಸುವ ಹೊತ್ತಿಗೆ, ತಾಯಂದಿರು ಕೂಸಿಗೆ ಹಾಲು ಕೊಟ್ಟು ಮಲಗಿಸುವ ಹೊತ್ತಿಗೆ, ಇಂದೂ ಒಂದು ಹಾಳೆ ಹೊರಗೆ ಹಾಕುತ್ತಿತ್ತು. ಅಕ್ಷರವಿಲ್ಲ, ಗೆರೆಯಿಲ್ಲ. ಕೆಳಗಿನ ತುದಿಯಲ್ಲಿ ಮಾತ್ರ ಒಂದು ಬೂದು ಮಚ್ಚೆ, ಹೆಬ್ಬೆರಳಿನಷ್ಟು. ಯಾರು ಕಳಿಸಿದರೆಂದು ನೋಡಿದರೆ ಯಾರ ಹೆಸರೂ ಇಲ್ಲ. ಇನ್ನಾವುದೋ ಪ್ರಿಂಟರಾಗಿದ್ದರೆ ದಾರಿಹೋಕ ಕಂಪ್ಯೂಟರ್ ಯಾವುದೋ ಕದ ತಟ್ಟಿರಬಹುದು ಎನ್ನಬಹುದಿತ್ತು. ಇದಕ್ಕೆ ಸ್ವತಃ ತ್ರಿವೇಣಿಯೇ ಬೀಗ ಹಾಕಿದ್ದಳು. ಕಳಿಸಿದವರ ಹೆಸರು ದಾಖಲಾಗದೆ ಒಂದು ಚುಕ್ಕೆಯೂ ಒಳಗೆ ಹೋಗದಂತೆ ಮಾಡಿದ್ದಳು. ಹೊರಗಿನಿಂದ ಬರಲು ದಾರಿ ಇಲ್ಲವೆಂದ ಮೇಲೆ ಅದು ಒಳಗಿನಿಂದಲೇ ಬರುತ್ತಿತ್ತು. ಅಮೇಯ ತಲೆ ಕೆರೆದುಕೊಂಡು, ಹಾಳೆಗೆ ಮಸಿ ಒತ್ತುವ ಡ್ರಮ್ ಸವೆದಿದೆ ಎಂದ. ಡ್ರಮ್ ಬದಲಾಯಿತು. ಮರುದಿನ ಮಧ್ಯಾಹ್ನ ಮಚ್ಚೆ ಮತ್ತೆ ಬಂತು.

ತ್ರಿವೇಣಿ ಆ ಹಾಳೆಗಳನ್ನು ಎಸೆಯದೆ ತನ್ನ ಮೇಜಿನ ಖಾನೆಯಲ್ಲಿ ಇಡುತ್ತ ಬಂದಳು. ಒಂದು ದಿನ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಮಚ್ಚೆ ದೊಡ್ಡದಾಗಿತ್ತು. ಮೊದಲಿನದು ಈಗಷ್ಟೇ ಹುಟ್ಟಿದ ಕೂಸಿನ ಹಿಮ್ಮಡಿಯಷ್ಟಿದ್ದರೆ, ಈಗಿನದು ಹೊಟ್ಟೆಯ ಮೇಲೆ ತೆವಳುವ ಮಗುವಿನದಷ್ಟು. ವರ್ಷ ತುಂಬಿದ ಮಳೆಗಾಲದಲ್ಲಿ ಅದು ಒಂದೇ ಜಾಗದಲ್ಲಿ ಬೀಳುವುದನ್ನೂ ಬಿಟ್ಟಿತು. ಒಂದು ವಾರದ ಹಾಳೆಗಳನ್ನು ಅವಳು ಊಟದ ಕೋಣೆಯ ಉದ್ದ ಮೇಜಿನ ಮೇಲೆ ಸಾಲಾಗಿ ಹಾಸಿ ನೋಡಿದಳು. ಮಚ್ಚೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬೀಳುತ್ತ ಹಾಳೆಯಿಂದ ಹಾಳೆಗೆ ದಾಟಿ ಹೋಗಿದ್ದವು. ತಮ್ಮ ಮಗು ನಡೆಯಲು ಕಲಿತದ್ದನ್ನು ಕಂಡ ತಾಯಂದಿರು ನಾಲ್ಕು ಜನರಿಗೆ ಹೇಳಿ ಸಂಭ್ರಮಿಸುತ್ತಾರೆ. ಇವಳು ಹಾಳೆಗಳನ್ನು ಮಡಚಿ ಖಾನೆಗೆ ಹಾಕಿ, ಮುಖ ತೊಳೆದುಕೊಂಡು ಕೆಲಸಕ್ಕೆ ಕುಳಿತಳು.

ಹೀಗೆ ಎರಡನೆಯ ವರ್ಷವೂ ಉರುಳುವಾಗ ತ್ರಿವೇಣಿ ಮತ್ತೆ ಬಸಿರಾದಳು. ಚನ್ನವೀರನ ಸಂತೋಷಕ್ಕೆ ಮೇರೆ ಇರಲಿಲ್ಲ. ಕಲ್ಲವ್ವ ಹರಕೆಗಳ ಮೂಟೆಯನ್ನೇ ಹೊತ್ತಳು. ತ್ರಿವೇಣಿಗೂ ಸಂತೋಷವೇ, ಆದರೆ ಆ ಸಂತೋಷವನ್ನು ಅವಳು ಆಫೀಸಿಗೆ ಒಯ್ಯುವಾಗ ಕದ್ದ ಮಾಲಿನಂತೆ ಮುಚ್ಚಿಟ್ಟುಕೊಂಡು ಹೋಗುತ್ತಿದ್ದಳು. ಹೊಟ್ಟೆ ಕಾಣತೊಡಗಿದ ಮೇಲೆ ಯಂತ್ರದ ನಡತೆ ಕೆಟ್ಟಿತು. ಇದ್ದಕ್ಕಿದ್ದಂತೆ ಯಾರ ಕಂಪ್ಯೂಟರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ತ್ರಿವೇಣಿ ಬಂದು ಎದುರು ನಿಂತರೆ ಸರಿಹೋಗುತ್ತಿತ್ತು, ಹೋದರೆ ಮತ್ತೆ ಅದೇ ಹಾಡು. ರಜೆಗೆ ಹೋಗುವ ದಿನ ಅವಳು ಮುಚ್ಚಳದ ಮೇಲೆ ಕೈ ಇಡಲಿಲ್ಲ. ಕಣ್ಣು ತಪ್ಪಿಸಿಕೊಂಡು ಲಿಫ್ಟಿಗೆ ಹೋದಳು.

ಎರಡನೆಯದೂ ಹೆಣ್ಣು. ಈ ಸಲ ಆಪರೇಶನ್ ಮಾಡಿ ತೆಗೆದರು. ರಂಜನಾ ಬೆಳಗಾವಿಯಿಂದ ಬಂದು ಬಾಣಂತಿತನಕ್ಕೆ ನಿಂತಳು. ರಂಜನಾ ಒಳ್ಳೆಯವಳು, ಆದರೆ ಗುಟ್ಟೊಂದು ಅವಳ ಬಾಯಲ್ಲಿ ಒಂದು ರಾತ್ರಿ ಕಳೆದರೆ ಹೆಚ್ಚು. ತೊಟ್ಟಿಲಿಗೆ ಇನ್ನೂ ಕೆಲವು ದಿನವಿರುವಾಗಲೇ ಕೂಸಿಗೆ ಎಣ್ಣೆ ಹಚ್ಚುತ್ತ ಕುಳಿತವಳು ತಡೆಯಲಾರದೆ ನಕ್ಕಳು.

"ಹೆಸರಂತೂ ಆರಿಸಿಬಿಟ್ಟೀನಿ ವೈನಿ. ಖರೇ ಹೇಳಬೇಕಂದ್ರ ನೀವ ಆರಿಸಿದ್ದು. ಆಪರೇಶನ್ ಆದ ದಿನ ಗುಂಗಿನ್ಯಾಗ ಇಂದೂ, ಇಂದೂ ಅಂತ ಭಾಳ ಹೊತ್ತು ಕರಿಯಾಕ ಹತ್ತಿದ್ರಿ. ಇದನ್ನ ಕರದ್ರಿ ಅಂತ ತಿಳಕೊಂಡೆ. ಅದನ್ನ ಇಡ್ತೀನಿ."

ತಾನು ಕರೆದದ್ದು ಯಾರನ್ನೆಂದು ತ್ರಿವೇಣಿಗೆ ಗೊತ್ತಿತ್ತು. ಅದೇ ದಿನ ಸಂಜೆ ಕಿಟಕಿಯ ಬೆಳಕಿನಲ್ಲಿ ಕೂಸಿನ ಕಣ್ಣು ಬಿಡಿಸಿ ನೋಡಿದಳು. ಹಳದಿ. ಮೈ ಬೆಚ್ಚಗಿತ್ತು. ಎಂಟನೆಯ ದಿನ. ಡಾಕ್ಟರು ಹೆದರುವಂಥದ್ದೇನಿಲ್ಲ, ಎಳೆಬಿಸಿಲು ತೋರಿಸಿ, ಹಾಲು ಕುಡಿಸುತ್ತಿರಿ, ಸೋಮವಾರ ರಕ್ತ ನೋಡೋಣ ಎಂದರು. ಮೊದಲನೆಯದರ ಹೊತ್ತಿಗೂ ಡಾಕ್ಟರು ಹೀಗೇ ಹೆದರಬೇಡಿ ಎಂದಿದ್ದರು.

ಅವಳು ಮೊದಲು ಅಮೇಯನಿಗೆ ಫೋನ್ ಮಾಡಿದಳು. ಇಂದೂನ ಸರ್ಟಿಫಿಕೇಟ್, ಕೀಲಿ ಎರಡನ್ನೂ ಅಳಿಸಿಬಿಡು ಎಂದಳು. ಯಾಕೆಂದು ಕೇಳಿದವನಿಗೆ ಹೇಗೂ ಅವಧಿ ಮುಗಿಯುತ್ತ ಬಂತಲ್ಲ ಎಂದಳು. ಸ್ವಲ್ಪ ಹೊತ್ತಿಗೆ ಅವನೇ ಫೋನ್ ಮಾಡಿದ. ಅವಳು ಕೊಟ್ಟ ಪಾಸ್‌ವರ್ಡನ್ನು ಯಂತ್ರ ಒಪ್ಪುತ್ತಿಲ್ಲ. ಒಂದೊಂದೇ ಅಕ್ಷರ ಓದಿ ಹೇಳಿದಳು, ಆಗಲೂ ಒಪ್ಪಲಿಲ್ಲ. ನೀನು ರಜೆಗೆ ಹೋದಾಗಿನಿಂದ ಇದು ದಿನಕ್ಕೆ ಹತ್ತಾರು ಖಾಲಿ ಹಾಳೆ ಉಗುಳುತ್ತಿದೆ, ಮಹಡಿಯವರೆಲ್ಲ ಪವನಾಗೇ ಹೋಗುತ್ತಿದ್ದಾರೆ ಎಂದು ಅಮೇಯ ನಗುತ್ತ ಹೇಳಿದ.

ಆಗ ತ್ರಿವೇಣಿ ಅತ್ತೆಯ ಮುಂದೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟಳು. ಕೀಲಿ, ಸರ್ಟಿಫಿಕೇಟ್ ಎಂದರೆ ಕಲ್ಲವ್ವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯಬೇಕಾದದ್ದು ಚೆನ್ನಾಗಿಯೇ ತಿಳಿಯಿತು. ಮುದುಕಿ ಬೈಯಲಿಲ್ಲ, ಹಣೆ ಹಣೆ ಬಡಿದುಕೊಳ್ಳಲಿಲ್ಲ. ಬೈದಿದ್ದರೆ ಸೊಸೆಗೆ ಹಗುರವಾಗುತ್ತಿತ್ತು.

"ಹೆಸರ ಇಟ್ಟೀ. ಮಂದಿ ಕರದಾರ, ಆಕಿ ಓಗೊಟ್ಟಾಳ," ಎಂದಳು ಕಲ್ಲವ್ವ. "ಇನ್ನ ಆಕಿ ಅಲ್ಲೇ ಅದಾಳವ್ವ."

ಈ ಕೂಸಿಗೆ ಬೇರೆ ಹೆಸರಿಟ್ಟರೆ ಹೇಗೆ ಎಂದು ತ್ರಿವೇಣಿ ಕೇಳಿದಳು. ಕಲ್ಲವ್ವ ತಲೆಯಾಡಿಸಿದಳು. ಎರಡು ವರ್ಷ ದಿನಾ ಬರುತ್ತಿದ್ದ ತಾಯಿ ಬರುವುದನ್ನು ನಿಲ್ಲಿಸಿ ಮನೆಯಲ್ಲಿ ಬೇರೊಂದನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತರೆ ಯಾವ ಮಗು ಸುಮ್ಮನಿರುತ್ತದೆ, ಹೆಸರು ಏನಿದ್ದರೇನು ಎಂಬುದು ಅವಳ ಮಾತು. ಅದನ್ನು ಕಳಿಸಿಬರಬೇಕು, ಇಟ್ಟವಳೇ ಕಳಿಸಬೇಕು. ಬಾಣಂತಿ ಹೊಸ್ತಿಲು ದಾಟಬಾರದು ಎಂದು ಊರಿಗೆಲ್ಲ ಹೇಳುತ್ತ ಬಂದಿದ್ದ ಮುದುಕಿ ಮರುದಿನ, ಭಾನುವಾರ ಮಧ್ಯಾಹ್ನ, ಸೊಸೆಯ ತಲೆಗೆ ತಾನೇ ಬಿಗಿಯಾಗಿ ಬಟ್ಟೆ ಕಟ್ಟಿ, ಕೂಸನ್ನು ರಂಜನಾಳ ಕೈಗೆ ಕೊಟ್ಟು, ರಿಕ್ಷಾ ತರಿಸಿದಳು. ಚನ್ನವೀರನಿಗೆ ಆಫೀಸಿನಲ್ಲಿ ಒಂದು ಸಹಿ ಬೇಕಂತೆ ಎಂದು ಹೇಳಿದರು. ಅವನು ತಾನೂ ಬರುತ್ತೇನೆಂದ; ಕಲ್ಲವ್ವ ಕಣ್ಣಲ್ಲೇ ಅವನನ್ನು ಕೂರಿಸಿದಳು.

ರಿಕ್ಷಾದಲ್ಲಿ ಅವಳು ಸೊಸೆಗೆ ಒಂದೇ ಮಾತು ಹೇಳಿದಳು. ನಮ್ಮಲ್ಲಿ ಬಾಗಿಲು ದಾಟುವವರಿಗೆ ಹೋಗಿ ಬಾ ಎನ್ನುತ್ತೇವೆ, ಶತ್ರುವಿಗೂ ಬರಿಯ ಹೋಗು ಎನ್ನುವುದಿಲ್ಲ. ಸತ್ತವರನ್ನು ಮಾತ್ರ ಹಾಗೆ ಕಳಿಸುತ್ತೇವೆ.

"ಎದಿ ಗಟ್ಟಿ ಮಾಡಿ ಹೋಗು ಅನ್ನು. ಅದರ ಮುಂದ ಒಂದ ಅಕ್ಷರ ಅನಬ್ಯಾಡ."

ಅಮೇಯ ಕೆಳಗೆ ಬಂದು, ಕಾವಲುಗಾರನಿಗೆ ಏನೋ ಹೇಳಿ ಇಬ್ಬರನ್ನೂ ಒಳಗೆ ಕರೆದೊಯ್ದ. ಭಾನುವಾರದ ಮೂರನೇ ಮಹಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗಾಜಿನ ಗೋಡೆಯಿಂದ ಬಿಸಿಲು ಖಾಲಿ ಕುರ್ಚಿಗಳ ಮೇಲೆ ಬಿದ್ದಿತ್ತು. ದೂರದಿಂದಲೇ ಯಂತ್ರದ ಮುಂದಿನ ನೆಲ ಬೆಳ್ಳಗೆ ಕಂಡಿತು. ಹಾಳೆಗಳು ತಟ್ಟೆ ತುಂಬಿ ಕೆಳಗೆ ಚೆಲ್ಲಿದ್ದವು. ಮಚ್ಚೆಗಳು ಈಗ ಒಂದರ ಮೇಲೊಂದು, ದಿಕ್ಕಿಲ್ಲದೆ, ಹಾಳೆಯ ತುಂಬ ಇದ್ದವು. ಮಗು ತಾಯಿಗಾಗಿ ಮನೆಯೆಲ್ಲ ಹುಡುಕಾಡಿದರೆ ಹಾಗಿರುತ್ತದೆ. ತ್ರಿವೇಣಿ ಹತ್ತಿರ ಹೋಗುತ್ತಿದ್ದಂತೆ ಮಂಕಾಗಿದ್ದ ದೀಪ ಹೊತ್ತಿತು, ಒಳಗೆ ಗಾಲಿಗಳು ತಿರುಗಿದವು. ಕಲ್ಲವ್ವ ಸೊಸೆಯ ರಟ್ಟೆ ಹಿಡಿದಳು. ಅಮೇಯನಿಗೂ ಏನನಿಸಿತೋ, ಚಹಾ ತರುತ್ತೇನೆಂದು ಆಚೆ ಹೋದ.

ಅಮೇಯ ಹೊಡೆದಾಗ ಒಪ್ಪದ ಪಾಸ್‌ವರ್ಡನ್ನು ತ್ರಿವೇಣಿ ಹೊಡೆದಳು. ಮೊದಲ ಸಲಕ್ಕೇ ಒಪ್ಪಿತು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ತಾನು ಏನು ಮಾಡಲು ಬಂದಿದ್ದೇನೆಂದು ತಿಳಿಯದೆ ಮಗು ಬಾಗಿಲು ತೆರೆದಿದೆ ಎಂದುಕೊಂಡಳು. ಪರದೆ ಕೇಳಿತು: ಇಂದೂನ ಸರ್ಟಿಫಿಕೇಟ್ ಮತ್ತು ಕೀಲಿಯನ್ನು ಅಳಿಸಬೇಕೆ? ಅಳಿಸಿದರೆ ಮರಳಿ ಪಡೆಯಲಾಗದು. ಕೆಳಗೆ ಹೌದು, ಬೇಡ. ಆ ಕೀಲಿಯ ನಕಲು ಪ್ರಪಂಚದಲ್ಲಿ ಎಲ್ಲೂ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರು. ಮೊದಲ ಸಲ ಸಾವು ಅವಳನ್ನು ಕೇಳಿ ಬಂದಿರಲಿಲ್ಲ. ಈ ಸಲ ಅವಳ ಬೆರಳನ್ನೇ ಕೇಳುತ್ತಿತ್ತು. ಮನೆಯಲ್ಲಿ ಹಳದಿ ಕಣ್ಣಿನ ಕೂಸು ರಂಜನಾಳ ಮಡಿಲಲ್ಲಿ ಮಲಗಿತ್ತು. ಅದನ್ನು ಉಳಿಸಿಕೊಳ್ಳಲು ಅವಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ತ್ರಿವೇಣಿ ಮುಚ್ಚಳದ ಮೇಲೆ ಎಡಗೈ ಇಟ್ಟಳು, ಅದು ಜ್ವರ ಬಂದ ಮೈಯಂತೆ ಸುಡುತ್ತಿತ್ತು. ಬಲಗೈಯಿಂದ ಹೌದು ಒತ್ತಿದಳು.

ಎದೆ ಗಟ್ಟಿ ಮಾಡಿಕೊಂಡಿದ್ದಳು, ನಿಜ. ಆದರೆ ಹುಟ್ಟಿದಾಗಿನಿಂದ ಬಾಯಿಗೆ ಕೂತ ಮಾತು ಎದೆಯನ್ನು ಕೇಳುವುದಿಲ್ಲ.

"ಹೋಗಿ ಬಾ, ಇಂದೂ," ಎಂದಳು.

ದೀಪ ಆರಿತು. ಗಾಲಿಗಳು ನಿಂತವು. ಅಂಗೈ ಕೆಳಗಿನ ಬಿಸಿ ಸ್ವಲ್ಪಸ್ವಲ್ಪವೇ ಇಳಿದು, ಬರಿಯ ಪ್ಲಾಸ್ಟಿಕ್ಕು ಉಳಿಯಿತು. ಮತ್ತೆ ಹೊತ್ತಿಕೊಂಡಾಗ ಯಂತ್ರ ಯಾರ ಗುರುತೂ ಇಲ್ಲದೆ ಹೊಸ ಹೆಸರು ಕೇಳುತ್ತಿತ್ತು. ಚಹಾ ತಂದ ಅಮೇಯ ಅದಕ್ಕೆ ತಾನೇ ಇಂದ್ರಾಯಣಿ ಎಂದು ಪೂರ್ತ ಬರೆದ. ಆ ಯಂತ್ರ ಮುಂದೆ ಎಷ್ಟೋ ವರ್ಷ ಅಲ್ಲೇ ಇತ್ತು, ಒಂದು ದಿನವೂ ಖಾಲಿ ಹಾಳೆ ಹಾಕಲಿಲ್ಲ. ಅಂದು ಕಲ್ಲವ್ವ ಮಾತ್ರ ಚಹಾ ಮುಟ್ಟಲಿಲ್ಲ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಸೊಸೆಯ ಮುಖ ನೋಡಲಿಲ್ಲ. ತ್ರಿವೇಣಿಯೇ, ರೂಢಿರೀ ಅತ್ತಿ, ಬಾಯಿಗೆ ಬಂದುಬಿಡ್ತು ಎಂದಾಗ, ಗೊತ್ತವ್ವ, ಗೊತ್ತು ಎಂದಷ್ಟೇ ಹೇಳಿ ಹೊರಗೆ ನೋಡುತ್ತ ಕುಳಿತಳು.

ಮನೆಗೆ ಬಂದರೆ ರಂಜನಾ ಬಾಗಿಲಲ್ಲೇ ನಿಂತಿದ್ದಳು. ನೀವು ಹೋದ ಸ್ವಲ್ಪ ಹೊತ್ತಿಗೆ ಕೂಸು ಒಮ್ಮೆ ಜೋರಾಗಿ ಅತ್ತು, ಆಮೇಲೆ ಉಸಿರು ಬಿಗಿಹಿಡಿದು, ನನ್ನ ಜೀವ ಹೋದಂತಾಯಿತು, ಅಷ್ಟರಲ್ಲಿ ತಾನೇ ಸಾವರಿಸಿಕೊಂಡು ಕಣ್ಣುಬಿಟ್ಟಿತು, ಮೈ ತಣ್ಣಗಾಗಿದೆ ಎಂದಳು. ಸೋಮವಾರ ರಕ್ತ ನೋಡಿದ ಡಾಕ್ಟರು, ನಾನು ಹೇಳಿರಲಿಲ್ಲವೇ ಎಂದರು. ಎಲ್ಲರೂ ನಕ್ಕರು. ಚನ್ನವೀರ ಪೇಢೆ ತಂದ.

ತ್ರಿವೇಣಿ ಭಾನುವಾರ ಸಂಜೆ ಹಾಲು ಕೊಡಲು ಕುಳಿತಾಗಲೇ ತಿಳಿದುಕೊಂಡಿದ್ದಳು. ಎಂಟು ದಿನದಿಂದ ಈ ಕೂಸು ಗುಟುಕುಗುಟುಕಾಗಿ ಅವಸರದಲ್ಲಿ ಕುಡಿದು, ಕಣ್ಣುಮುಚ್ಚಿಯೇ ಮಲಗಿಬಿಡುತ್ತಿತ್ತು. ಈಗ ಎರಡು ಗುಟುಕು ಎಳೆದು ನಿಲ್ಲಿಸಿತು. ಕಣ್ಣುಬಿಟ್ಟು ಅವಳನ್ನೇ ನೋಡಿತು. ಮತ್ತೆ ಎರಡು ಗುಟುಕು. ಹೀಗೆ ಕುಡಿಯುತ್ತಿದ್ದವಳು ಮೊದಲನೆಯವಳು. ಅವಳೊಂದಿಗಿನ ಪರಿಚಯವೂ ಎಂಟು ದಿನದ್ದೇ, ಆದರೂ ತಾಯಿಗೆ ಗುರುತು ಹತ್ತದಿರುತ್ತದೆಯೇ. ಎದೆಗೆ ಒತ್ತಿಕೊಂಡಳು. ಅವಳಿಗೆ ಎಷ್ಟು ಆನಂದವಾಯಿತೆಂದರೆ ಅದಕ್ಕಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು.

ತೊಟ್ಟಿಲಿನ ದಿನ ಖಡಕಿಯ ಬಳಗವೆಲ್ಲ ಸೇರಿತ್ತು. ರಂಜನಾ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಕೂಸು ಥಟ್ಟನೆ ಕತ್ತು ಹೊರಳಿಸಿ ಅವಳನ್ನು ನೋಡಿತು. ಹೆಂಗಸರು ಗೊಳ್ಳೆಂದು ನಕ್ಕರು, ಎಷ್ಟೋ ವರ್ಷದಿಂದ ಕೇಳಿದ ಹೆಸರಿಗೆ ಹೊರಳಿದಂತೆ ಹೊರಳುತ್ತಾಳಲ್ಲ ಎಂದರು. ತ್ರಿವೇಣಿಯ ಕಣ್ಣಲ್ಲಿ ನೀರು ಬಂತು. ಎಲ್ಲರೂ ಅದನ್ನು ಸಂತೋಷದ್ದೆಂದುಕೊಂಡರು, ಅರ್ಧ ನಿಜವೂ ಆಗಿತ್ತು.

ಬಂದವರು ಊಟಕ್ಕೆ ಕುಳಿತಾಗ ಅವಳು ಒಳಗೆ ಅತ್ತೆಯ ಹತ್ತಿರ ಹೋದಳು. ಕಲ್ಲವ್ವ ಒಬ್ಬಳೇ ಕುಳಿತು ಹೋಳಿಗೆಗೆ ತುಪ್ಪ ಸವರುತ್ತಿದ್ದಳು. ತ್ರಿವೇಣಿ ಇಷ್ಟು ದಿನ ನುಂಗಿಕೊಂಡು ಬಂದದ್ದನ್ನು ಕೇಳಿಬಿಟ್ಟಳು.

"ಅತ್ತಿ, ಇಂದೂ ಹೊಳ್ಳಿ ಬಂದ್ಲು. ಹಂಗಾದ್ರ ಈಕಿ ಎಲ್ಲಿ ಹೋದ್ಲರಿ?"

ಕಲ್ಲವ್ವನ ಕೈ ನಿಂತಿತು. ಸುಳ್ಳು ಹೇಳಿ ಸಮಾಧಾನ ಮಾಡುವವಳಲ್ಲ ಅವಳು. ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟು, ಸೊಸೆಯ ಮುಖವನ್ನು ಆ ಭಾನುವಾರದ ನಂತರ ಮೊದಲ ಸಲ ನೇರವಾಗಿ ನೋಡಿದಳು.

"ಹುಡುಕೋಣಂದ್ರ ಏನಂತ ಕರೀತೀ ಆಕಿನ್ನ?" ಎಂದಳು. "ಆಕಿಗೆ ನಾವ ಯಾರೂ ಒಂದ ಹೆಸರ ಇಟ್ಟಿದ್ದಿಲ್ಲಲ್ಲವ್ವ."

ಹೊರಗೆ ತೊಟ್ಟಿಲಲ್ಲಿ ಕೂಸು ಅಳತೊಡಗಿತು. ಯಾರೋ ತ್ರಿವೇಣಿಯನ್ನು ಕೂಗಿದರು, ಇಂದೂ ಎದ್ದಾಳ ಬರ್ರಿ ಎಂದರು. ಅವಳು ಎದ್ದು ಹೋಗಿ ಮಗುವನ್ನು ಎತ್ತಿಕೊಂಡಳು.